ಪರದೆಯ ಮೇಲಣ ಗೆರೆಯೂ ವಾರಂಟಿಯ ಮಾತೂ



ಕೃಷ್ಣೆ ತುಂಗಭದ್ರೆಯರ ನಡುವಣ ನಮ್ಮ ಸೀಮೆಯಲ್ಲಿ ಬೆಳೆಯ ಹಣ ಕೈಗೆ ಬರುವುದು ವರ್ಷಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ. ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು, ಮಾನ್ವಿಯ ಕಡೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಕಾಲುವೆ ಮುಟ್ಟದ ಹೊಲಗಳಲ್ಲಿ ಹತ್ತಿ, ತೊಗರಿ, ಜೋಳ. ಬಂದ ಹಣದಲ್ಲಿ ಸಾಲಕ್ಕೊಂದು ಪಾಲು, ಮುಂದಿನ ಬೀಜಗೊಬ್ಬರಕ್ಕೊಂದು ಪಾಲು, ಮನೆಯ ಶುಭಕಾರ್ಯಗಳಿಗೊಂದು ಪಾಲು ತೆಗೆದಿರಿಸಿದ ಮೇಲೆ ಉಳಿಯುವ ಹಣದಲ್ಲಿಯೇ ಮಕ್ಕಳ ವಿದ್ಯಾಭ್ಯಾಸ ನಡೆಯಬೇಕು. ಹಿಂದೆ ಈ ಪಾಲು ಪುಸ್ತಕಕ್ಕೂ ವಸತಿ ನಿಲಯದ ಶುಲ್ಕಕ್ಕೂ ಸಾಕಾಗುತ್ತಿತ್ತು. ಈಗ ಅದರೊಂದಿಗೆ ಲ್ಯಾಪ್‌ಟಾಪ್ ಎಂಬ ವಸ್ತುವೂ ಸೇರಿದೆ. ನಲವತ್ತು, ಐವತ್ತು ಸಾವಿರ ರೂಪಾಯಿ ಒಮ್ಮೆಗೇ ಕೊಟ್ಟು ತರುವ ಈ ಯಂತ್ರವು ಅನೇಕ ಮನೆಗಳಲ್ಲಿ ಎತ್ತು ಬಂಡಿಗಳ ಅನಂತರ ಅತ್ಯಂತ ಬೆಲೆಯುಳ್ಳ ಸಾಧನವಾಗಿದೆ ಎಂದರೆ ಅತಿಶಯೋಕ್ತಿಯಾಗದು.

ಇಂತಹ ವಸ್ತುವಿನ ಪರದೆಯ ಮೇಲೆ, ಕೊಂಡ ಏಳೆಂಟು ತಿಂಗಳಿಗೆ, ಒಂದು ದಿನ ಬೆಳಿಗ್ಗೆ ಮೇಲಿನಿಂದ ಕೆಳಗಿನವರೆಗೆ ಒಂದು ಹಸಿರು ಗೆರೆ ಕಾಣಿಸಿಕೊಳ್ಳುತ್ತದೆ ಎಂದಿಟ್ಟುಕೊಳ್ಳೋಣ. ಯಾರೂ ಬೀಳಿಸಿಲ್ಲ, ಗಾಜು ಒಡೆದಿಲ್ಲ, ಯಂತ್ರವೂ ನಡೆಯುತ್ತಿದೆ. ಆಗ ಮನೆಯ ಹಿರಿಯರ ಬಾಯಿಂದ ಸಾಮಾನ್ಯವಾಗಿ ಬರುವ ಮಾತು ಒಂದೇ: "ನಡೆಯುವಷ್ಟು ದಿನ ನಡೆಯಲಿ. ಇದಕ್ಕಾಗಿ ರಾಯಚೂರಿಗೆ ಯಾರು ಅಲೆಯುವುದು?" ದೇವದುರ್ಗದಿಂದಾಗಲಿ ಮಾನ್ವಿಯಿಂದಾಗಲಿ ರಾಯಚೂರಿಗೆ ಸುಮಾರು ಐವತ್ತು ಕಿಲೋಮೀಟರಿನ ದಾರಿ. ಬಸ್ಸಿನ ಖರ್ಚು, ಒಂದು ದಿನದ ಕೆಲಸದ ನಷ್ಟ, ಹೋದ ಕಡೆ "ನಾಳೆ ಬನ್ನಿ" ಎಂಬ ಉತ್ತರದ ಭಯ. ಹೀಗೆ ತಿಂಗಳುಗಳು ಉರುಳುತ್ತವೆ. ಗೆರೆ ಒಂದಿದ್ದುದು ಮೂರಾಗುತ್ತದೆ, ಕೊನೆಗೆ ಅರ್ಧ ಪರದೆ ಕಪ್ಪಾಗುತ್ತದೆ. ಅಷ್ಟರಲ್ಲಿ ಒಂದು ವರ್ಷದ ವಾರಂಟಿ ಮುಗಿದಿರುತ್ತದೆ. ಉಚಿತವಾಗಿ ಆಗಬಹುದಾಗಿದ್ದ ಕೆಲಸಕ್ಕೆ ಸಾವಿರಾರು ರೂಪಾಯಿ ತೆರಬೇಕಾಗುತ್ತದೆ. ತೆರಲಾಗದ ಮನೆಯಲ್ಲಿ ಮಗಳ ಓದಿಗೇ ಅಡಚಣೆಯಾಗುತ್ತದೆ. ಈ ನಷ್ಟವನ್ನು ತಪ್ಪಿಸಿಕೊಳ್ಳುವ ಬಗೆಯನ್ನು ಈ ತಿಂಗಳು ನಾವು ಗೃಹಸ್ಥರೊಂದಿಗೆ ವಿಚಾರ ಮಾಡಬೇಕೆಂದಿದ್ದೇವೆ.

ಮೊದಲಿಗೆ ವಾರಂಟಿ ಎಂದರೇನೆಂಬುದನ್ನು ತಿಳಿಯಬೇಕು. ಅದು ತಯಾರಕರು ನಮಗೆ ತೋರುವ ದಾಕ್ಷಿಣ್ಯವಲ್ಲ. ನಾವು ತೆತ್ತ ಬೆಲೆಯಲ್ಲಿ ಅದರ ಬೆಲೆಯೂ ಸೇರಿದೆ. ಇಷ್ಟು ಅವಧಿಯೊಳಗೆ ತಯಾರಿಕೆಯ ದೋಷ ಕಂಡುಬಂದರೆ ಸರಿಪಡಿಸಿ ಕೊಡುವೆವೆಂದು ಬರೆದು ಕೊಟ್ಟ ಮಾತು ಅದು. ಕಾರ್ಡಿನಲ್ಲಿ ಬರೆದ ಈ ಮಾತಲ್ಲದೆ ಕಾನೂನೇ ಆಡಿಸಿರುವ ಮಾತೂ ಒಂದುಂಟು: ಮಾರುವ ವಸ್ತು ಮಾರಾಟಕ್ಕೆ ಯೋಗ್ಯವಾದ ಗುಣಮಟ್ಟದ್ದಾಗಿರಬೇಕೆಂಬ ಷರತ್ತು ೧೯೩೦ರ ಸರಕು ಮಾರಾಟ ಕಾಯ್ದೆಯಲ್ಲಿಯೇ ಇದೆ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದೋಷವೆಂದರೆ ಏನೆಂಬುದನ್ನು ವಿವರಿಸುವಾಗ, ಕಾನೂನು ವಿಧಿಸಿದ ಅಥವಾ ಒಪ್ಪಂದದಲ್ಲಿ ಹೇಳಿದ ಇಲ್ಲವೇ ವ್ಯಾಪಾರಿಯು ಸಾರಿಕೊಂಡ ಗುಣಮಟ್ಟದಲ್ಲಿ ಯಾವುದೇ ಕೊರತೆ ಇದ್ದರೂ ಅದನ್ನು ದೋಷದ ವ್ಯಾಪ್ತಿಯೊಳಗೆ ತಂದಿದೆ. ಆದುದರಿಂದ ಗೆರೆ ಬಿದ್ದ ಪರದೆಗಾಗಿ ಕೇಳುವವನು ಬೇಡುವವನಲ್ಲ, ಕೊಟ್ಟ ಮಾತನ್ನು ನೆನಪಿಸುವವನು. ಈ ತಿಳಿವಳಿಕೆ ಮನಸ್ಸಿನಲ್ಲಿ ಬೇರೂರಿದರೆ ಅರ್ಧ ಅಳುಕು ಅಲ್ಲಿಯೇ ಕಳೆಯುತ್ತದೆ.

ಆದರೆ ಎಲ್ಲ ತೊಂದರೆಯೂ ತಯಾರಿಕೆಯ ದೋಷವಾಗಿರುವುದಿಲ್ಲ. ಅದನ್ನು ಅರಿಯಲು ಪರದೆಯ ರಚನೆಯನ್ನು ಸ್ವಲ್ಪ ತಿಳಿದಿರಬೇಕು. ಲ್ಯಾಪ್‌ಟಾಪಿನ ಸಾಮಾನ್ಯ ಪರದೆಯಲ್ಲಿ ಎರಡು ತೆಳುವಾದ ಗಾಜಿನ ಹಾಳೆಗಳ ನಡುವೆ ದ್ರವಸ್ಫಟಿಕವೆಂಬ ವಸ್ತು ಇರುತ್ತದೆ. ಹಿಂದಿನಿಂದ ಎಲ್‌ಇಡಿ ದೀಪಗಳ ಬೆಳಕು ಬೀಳುತ್ತದೆ. ಮುಂದೆ ಬಣ್ಣದ ಸೋಸುಗಗಳಿರುತ್ತವೆ. ಫುಲ್ ಎಚ್‌ಡಿ ಎಂಬ ಪರದೆಯಲ್ಲಿ ಅಡ್ಡಕ್ಕೆ ೧,೯೨೦, ಉದ್ದಕ್ಕೆ ೧,೦೮೦ ಚುಕ್ಕೆಗಳು, ಅಂದರೆ ಒಟ್ಟು ೨೦,೭೩,೬೦೦ ಚುಕ್ಕೆಗಳು. ಪ್ರತಿ ಚುಕ್ಕೆಯಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಉಪಚುಕ್ಕೆಗಳು. ಹೀಗೆ ಅರುವತ್ತೆರಡು ಲಕ್ಷಕ್ಕೂ ಮಿಕ್ಕ ಬಿಂದುಗಳನ್ನು ಸಾಲುಸಾಲಾಗಿ ಆಳುವ ಎಳೆಗಳು ಗಾಜಿನ ಅಂಚಿನಲ್ಲಿ ಬಂದು ಸೇರುತ್ತವೆ. ಅಲ್ಲಿಂದ ಒಂದು ತೆಳು ಕೇಬಲ್ ಮಡಿಚುವ ಕೀಲಿನ ಮೂಲಕ ಯಂತ್ರದ ಒಡಲಿಗೆ ಹೋಗುತ್ತದೆ. ಅಂಚಿನ ಒಂದು ಜೋಡಣೆ ಸಡಿಲಿದರೆ ಆ ಸಾಲು ಪೂರ್ತಿ ಗೆರೆಯಾಗಿ ಕಾಣುತ್ತದೆ. ಕೀಲಿನಲ್ಲಿರುವ ಕೇಬಲ್ ಸವೆದರೆ ಮುಚ್ಚಳವನ್ನು ಹಿಂದೆ ಮುಂದೆ ಮಾಡಿದಾಗ ಚಿತ್ರ ಮಿನುಗುತ್ತದೆ.

ಒಂದೇ ಒಂದು ಚುಕ್ಕೆ ಕಪ್ಪಾಗಿಯೋ ಸದಾ ಬೆಳಗುತ್ತಲೋ ನಿಂತುಬಿಟ್ಟರೆ ಅದರ ನ್ಯಾಯ ಬೇರೆ. ಲಕ್ಷಾಂತರ ಚುಕ್ಕೆಗಳಲ್ಲಿ ಕೆಲವು ಕೆಡುವುದನ್ನು ಅಂತರರಾಷ್ಟ್ರೀಯ ಮಾನಕವೇ ಪರಿಗಣಿಸಿದೆ. ೨೦೦೧ರಲ್ಲಿ ಪ್ರಕಟವಾದ ಐಎಸ್‌ಒ ೧೩೪೦೬ರ ಎರಡನೆಯ ಭಾಗವು ಪರದೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿ, ಒಂದನೆಯ ದರ್ಜೆಯಲ್ಲಿ ಒಂದು ಚುಕ್ಕೆಯೂ ಕೆಟ್ಟಿರಬಾರದೆಂದೂ, ಎರಡನೆಯ ದರ್ಜೆಯಲ್ಲಿ ಹತ್ತು ಲಕ್ಷ ಚುಕ್ಕೆಗಳಿಗೆ ಸದಾ ಬೆಳಗುವವು ಎರಡು, ಸದಾ ಕಪ್ಪಾದವು ಎರಡು ಇರಬಹುದೆಂದೂ ಹೇಳಿತ್ತು. ೨೦೦೮ರಿಂದ ಅದರ ಸ್ಥಾನಕ್ಕೆ ಐಎಸ್‌ಒ ೯೨೪೧ರ ೩೦೭ನೆಯ ಭಾಗ ಬಂದಿದೆ. ತಯಾರಕರು ತಮ್ಮ ತಮ್ಮ ವಾರಂಟಿ ಪತ್ರದಲ್ಲಿ ಎಷ್ಟು ಚುಕ್ಕೆ ಕೆಟ್ಟರೆ ಪರದೆ ಬದಲಿಸುವೆವೆಂಬುದನ್ನು ನಮೂದಿಸುವುದುಂಟು. ಒಂದು ಚುಕ್ಕೆಗಾಗಿ ಐವತ್ತು ಕಿಲೋಮೀಟರು ಹೋಗುವ ಮುನ್ನ ಆ ಸಾಲನ್ನು ಓದಿಕೊಳ್ಳುವುದು ಲೇಸು. ಗೆರೆ, ಮಿನುಗು, ಅರ್ಧ ಕತ್ತಲೆ ಇವುಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

ದೋಷ ಎಲ್ಲಿದೆಯೆಂದು ಮನೆಯಲ್ಲಿಯೇ ಪರೀಕ್ಷಿಸಲು ಮೂರು ಸುಲಭ ಉಪಾಯಗಳಿವೆ. ಮೊದಲನೆಯದು, ಯಂತ್ರವನ್ನು ಚಾಲೂ ಮಾಡಿದೊಡನೆ ತಯಾರಕರ ಚಿಹ್ನೆ ಮೂಡುವ ಹೊತ್ತಿಗೆ ಗೆರೆ ಇದೆಯೇ ನೋಡುವುದು. ಆಗಲೂ ಇದ್ದರೆ ವಿಂಡೋಸ್ ಮುಂತಾದ ತಂತ್ರಾಂಶದ ತಪ್ಪಲ್ಲವೆಂದು ತಿಳಿಯಬಹುದು. ಎರಡನೆಯದು, ಪರದೆಯ ಚಿತ್ರವನ್ನು ಯಂತ್ರದಿಂದಲೇ ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿಗೆ ಕಳುಹಿಸಿ ನೋಡುವುದು. ಮೊಬೈಲಿನಲ್ಲಿ ಗೆರೆ ಕಾಣದಿದ್ದರೆ ದೋಷವು ಚಿತ್ರದಲ್ಲಿಲ್ಲ, ಅದನ್ನು ತೋರಿಸುವ ಪರದೆಯಲ್ಲೋ ಕೇಬಲ್ಲಿನಲ್ಲೋ ಇದೆ. ಮೂರನೆಯದು, ಎಚ್‌ಡಿಎಂಐ ತಂತಿಯಿಂದ ಲ್ಯಾಪ್‌ಟಾಪನ್ನು ಮನೆಯ ಟಿವಿಗೆ ಜೋಡಿಸುವುದು. ಟಿವಿಯಲ್ಲಿ ಚಿತ್ರ ಸ್ವಚ್ಛವಾಗಿದ್ದರೆ ಪರದೆಯೇ ದೋಷಿ. ಅಲ್ಲಿಯೂ ಕೆಟ್ಟಿದ್ದರೆ ಒಳಗಿನ ಗ್ರಾಫಿಕ್ಸ್ ಭಾಗದ ಮೇಲೆ ಸಂಶಯ ಪಡಬೇಕು. ಈ ಮೂರನೆಯ ಉಪಾಯದಿಂದ ಇನ್ನೊಂದು ಲಾಭವೂ ಇದೆ: ರಿಪೇರಿಗೆ ದಿನ ಗೊತ್ತಾಗುವವರೆಗೆ ಮಕ್ಕಳು ಟಿವಿಯನ್ನೇ ಪರದೆಯಾಗಿ ಬಳಸಿ ಓದು ಮುಂದುವರಿಸಬಹುದು.

ಇಲ್ಲಿ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಕೀಲಿಮಣೆಯ ಮೇಲೆ ಪೆನ್ನೋ ಇಯರ್‌ಫೋನೋ ಮರೆತು ಮುಚ್ಚಳ ಒತ್ತಿದ್ದರಿಂದ, ಬಸ್ಸಿನ ನೂಕುನುಗ್ಗಲಿನಲ್ಲಿ ಚೀಲದ ಮೇಲೆ ಭಾರ ಬಿದ್ದುದರಿಂದ ಪರದೆ ಒಡೆದಿದ್ದರೆ ಅದು ವಾರಂಟಿಯೊಳಗೆ ಬರುವುದಿಲ್ಲ. ಅದಕ್ಕೆ ಆಕಸ್ಮಿಕ ಹಾನಿಯ ರಕ್ಷಣೆಯನ್ನು ಬೇರೆಯಾಗಿ ಕೊಂಡಿರಬೇಕು. ಪೆಟ್ಟು ಬಿದ್ದೆಡೆಯಿಂದ ಬಿರುಕು ಜೇಡನ ಬಲೆಯಂತೆ ಹಬ್ಬಿರುವುದನ್ನು ತಂತ್ರಜ್ಞರು ನೋಡಿದೊಡನೆ ಗುರುತಿಸುತ್ತಾರೆ. ಬೀಳಿಸಿದ್ದನ್ನು "ತಾನಾಗಿಯೇ ಆಯಿತು" ಎಂದು ಹೇಳಲು ಮಕ್ಕಳಿಗೆ ಕಲಿಸುವ ಹಿರಿಯರು ಒಂದು ಪರದೆಯ ಆಸೆಗಾಗಿ ಮಗುವಿನ ಸತ್ಯಶೀಲವನ್ನು ಮಾರಿದಂತಾಗುತ್ತದೆ. ಕೊಟ್ಟ ಮಾತು ಉಳಿಸಿಕೊಳ್ಳಿರೆಂದು ಕೇಳುವ ನಮ್ಮ ಮಾತೂ ದಿಟವಾಗಿರಬೇಕಲ್ಲವೇ? ಹಾಗೆಯೇ ನಮ್ಮ ಜಿಲ್ಲೆಯ ಬಿಸಿಲನ್ನೂ ನೆನಪಿಡಬೇಕು. ಅನೇಕ ತಯಾರಕರು ತಮ್ಮ ಯಂತ್ರವನ್ನು ೩೫ ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣದಲ್ಲಿ ಬಳಸಬೇಕೆಂದು ಸೂಚಿಸಿರುತ್ತಾರೆ. ನಮ್ಮ ಬೇಸಿಗೆಯ ಮಧ್ಯಾಹ್ನಗಳು ೪೦ ಡಿಗ್ರಿಯನ್ನು ದಾಟುತ್ತವೆ. ಮುಚ್ಚಿದ ಕಾರಿನಲ್ಲಿ, ತಗಡಿನ ಮಾಡಿನ ಕೆಳಗೆ, ಹಾಸಿಗೆಯ ಮೇಲೆ ಯಂತ್ರವನ್ನು ಇಡದಿರುವುದು ಒಳ್ಳೆಯ ಅಭ್ಯಾಸ.

ದೋಷ ತಯಾರಿಕೆಯದೇ ಎಂದು ತೋರಿದ ದಿನವೇ ಮಾಡಬೇಕಾದ ಕೆಲಸವೆಂದರೆ ದೂರನ್ನು ದಾಖಲಿಸುವುದು. ಪ್ರಯಾಣ ಆಮೇಲೆ ಮಾಡಬಹುದು. ದೂರು ಮಾತ್ರ ವಾರಂಟಿಯ ಅವಧಿಯೊಳಗೆ ದಾಖಲಾಗಿರಬೇಕು. ಬಿಲ್ಲು, ಯಂತ್ರದ ತಳಭಾಗದಲ್ಲಿ ಬರೆದಿರುವ ಸೀರಿಯಲ್ ಸಂಖ್ಯೆ, ಗೆರೆಯ ಒಂದೆರಡು ಛಾಯಾಚಿತ್ರ, ಒಂದು ಚಿಕ್ಕ ವಿಡಿಯೋ ಇಷ್ಟನ್ನು ಸಿದ್ಧಪಡಿಸಿಕೊಂಡು ತಯಾರಕರ ಸೇವಾ ವಿಭಾಗಕ್ಕೆ ದೂರವಾಣಿಯಿಂದಲೂ ಇಮೇಲಿನಿಂದಲೂ ತಿಳಿಸಬೇಕು. ಅವರು ಕೊಡುವ ದೂರಿನ ಸಂಖ್ಯೆಯನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ತಾರೀಖಿನೊಂದಿಗೆ ಬರೆದಿಡಬೇಕು. ಬಾಯಿಮಾತಿನಲ್ಲಿ "ನೋಡೋಣ" ಎಂದವರು ಮುಂದೆ ನೆನಪಿಲ್ಲವೆನ್ನಬಹುದು. ಬರೆದದ್ದು ಹಾಗೆ ಮರೆಯುವುದಿಲ್ಲ. ತಯಾರಕರ ದಾಖಲೆಯಲ್ಲಿ ವಾರಂಟಿ ನಾವು ಕೊಂಡ ದಿನಕ್ಕಿಂತ ಮೊದಲೇ ಆರಂಭವಾದಂತೆ ಕಂಡರೆ ಬಿಲ್ಲನ್ನು ಕಳುಹಿಸಿ ತಿದ್ದಿಸಿಕೊಳ್ಳಬೇಕು.

ಇದೇ ಹೊತ್ತಿನಲ್ಲಿ ನಮ್ಮ ವಾರಂಟಿ ಯಾವ ಬಗೆಯದೆಂದು ಕೇಳಬೇಕು. ತಂತ್ರಜ್ಞರೇ ಮನೆಗೆ ಬರುವ ಆನ್‌ಸೈಟ್ ವಾರಂಟಿ ಒಂದು, ನಾವೇ ಯಂತ್ರವನ್ನು ಸೇವಾಕೇಂದ್ರಕ್ಕೆ ಒಯ್ಯಬೇಕಾದ ಕ್ಯಾರಿ-ಇನ್ ವಾರಂಟಿ ಇನ್ನೊಂದು. ಆನ್‌ಸೈಟ್ ಎಂದಿದ್ದರೂ ಪಿನ್‌ಕೋಡ್ ನೋಡಿ "ನಿಮ್ಮ ಊರಿಗೆ ಬರುವುದಿಲ್ಲ" ಎನ್ನುವ ನಿಯಮಗಳು ಇರಬಹುದು. ದೇವದುರ್ಗ, ಮಾನ್ವಿಯ ಮನೆಗಳವರು ಕೊಳ್ಳುವ ದಿನವೇ ಅಂಗಡಿಯಲ್ಲಿ ಈ ಒಂದು ಪ್ರಶ್ನೆಯನ್ನು ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆಯೇ ಬರೆಸಿಕೊಂಡರೆ ಮುಂದೆ ಎಷ್ಟೋ ಅಲೆದಾಟ ಉಳಿಯುತ್ತದೆ. ಹತ್ತಿರದ ಸಣ್ಣ ಅಂಗಡಿಯಲ್ಲಿ ಬಿಚ್ಚಿಸಿ ನೋಡುವ ಆತುರ ಬೇಡ. ಅನ್ಯರು ಬಿಚ್ಚಿದ ಯಂತ್ರಕ್ಕೆ ವಾರಂಟಿ ನಿರಾಕರಿಸಲು ಅದೊಂದೇ ನೆಪ ಸಾಕು.

ಸೇವಾಕೇಂದ್ರಕ್ಕೆ ಹೋಗುವ ಮೊದಲು ದೂರವಾಣಿ ಮಾಡಿ, ಪರದೆಯ ಬಿಡಿಭಾಗ ಬಂದಿದೆಯೇ ಎಂದು ವಿಚಾರಿಸಿಕೊಂಡರೆ ಎರಡು ಪ್ರಯಾಣ ಒಂದಾಗುತ್ತದೆ. ಮಕ್ಕಳ ಟಿಪ್ಪಣಿ, ಪ್ರಾಜೆಕ್ಟ್, ಮನೆಯ ಛಾಯಾಚಿತ್ರಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಬೇಕು. ಬ್ಯಾಂಕಿನ ಗುಪ್ತಪದಗಳು ಯಂತ್ರದಲ್ಲಿ ಉಳಿಯದಂತೆ ನೋಡಿಕೊಳ್ಳಬೇಕು. ಯಂತ್ರವನ್ನು ಒಪ್ಪಿಸುವಾಗ ಜಾಬ್ ಶೀಟ್ ಎಂಬ ರಸೀದಿಯನ್ನು ಪಡೆಯದೆ ಹಿಂದಿರುಗಬಾರದು. ಅದರಲ್ಲಿ ದೋಷದ ವಿವರ, ಸೀರಿಯಲ್ ಸಂಖ್ಯೆ, ಒಪ್ಪಿಸಿದ ತಾರೀಖು, ಹೊರಮೈಯಲ್ಲಿ ಬಿರುಕು ಅಥವಾ ಗೀರು ಇದೆಯೋ ಇಲ್ಲವೋ ಎಂಬುದು ಇವೆಲ್ಲ ಬರೆದಿರಬೇಕು. ಒಪ್ಪಿಸುವ ಕ್ಷಣದಲ್ಲಿ ನಾಲ್ಕೂ ಕಡೆಯಿಂದ ಚಿತ್ರ ತೆಗೆದುಕೊಂಡಿದ್ದರೆ, ಮುಂದೆ "ಪರದೆ ಒಡೆದಿತ್ತು" ಎಂಬ ಮಾತು ಬಂದಾಗ ಉತ್ತರ ನಮ್ಮ ಕೈಯಲ್ಲಿರುತ್ತದೆ. ವಾರಂಟಿ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಬೇಕು.

ಇಷ್ಟಾದರೂ ನ್ಯಾಯ ದೊರೆಯದಿದ್ದರೆ ಮುಂದಿನ ದಾರಿಗಳು ಮುಚ್ಚಿಲ್ಲ. ಆನ್‌ಲೈನಿನಲ್ಲಿ ಕೊಂಡ ವಸ್ತುವಾದರೆ, ೨೦೨೦ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಆ ಸಂಸ್ಥೆಯ ಕುಂದುಕೊರತೆ ಅಧಿಕಾರಿ ೪೮ ಗಂಟೆಗಳೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ೧೯೧೫ ಎಂಬ ಸಂಖ್ಯೆಗೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ಕನ್ನಡವೂ ಸೇರಿದಂತೆ ೧೭ ಭಾಷೆಗಳಲ್ಲಿ ದೂರನ್ನು ಕೇಳಿ ಸಂಸ್ಥೆಗೆ ಮುಟ್ಟಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ರಾಯಚೂರು ನಗರದಲ್ಲಿಯೇ ಇರುವ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದ ಬಾಗಿಲು ತಟ್ಟಬಹುದು.

ಈ ಆಯೋಗದ ವಿಷಯದಲ್ಲಿ ಒಂದು ದೊಡ್ಡ ಬದಲಾವಣೆ ಆಗಿರುವುದನ್ನು ನಮ್ಮವರು ಇನ್ನೂ ಅಷ್ಟಾಗಿ ಗಮನಿಸಿಲ್ಲ. ೧೯೮೬ರ ಹಳೆಯ ಕಾಯ್ದೆಯಲ್ಲಿ ಎದುರು ಪಕ್ಷದವರು ಇರುವ, ವ್ಯಾಪಾರ ನಡೆಸುವ ಸ್ಥಳದಲ್ಲಿ ಅಥವಾ ವ್ಯಾಜ್ಯದ ಕಾರಣ ಹುಟ್ಟಿದ ಸ್ಥಳದಲ್ಲಿ ದೂರು ಹೂಡಬೇಕಾಗಿತ್ತು. ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಕೊಂಡು ತಂದ ಮಾನ್ವಿಯ ಗೃಹಸ್ಥನಿಗೆ ಅದು ಆಗದ ಮಾತಾಗಿತ್ತು. ೨೦೨೦ರ ಜುಲೈ ೨೦ರಂದು ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ತೆತ್ತ ಬೆಲೆ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ಕಡ್ಡಾಯವಿಲ್ಲ. ೨೦೨೫ರ ಜನವರಿಯಿಂದ ಇ-ಜಾಗೃತಿ ಎಂಬ ತಾಣದ ಮೂಲಕ ಮನೆಯಲ್ಲಿ ಕುಳಿತೇ ದೂರು ಸಲ್ಲಿಸುವ ವ್ಯವಸ್ಥೆಯೂ ಇದೆ. ವಿಡಿಯೋ ಮೂಲಕ ವಿಚಾರಣೆಗೆ ಹಾಜರಾಗಲು ಕೋರಬಹುದು. ಆದರೆ ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ದೂರು ಸಲ್ಲಬೇಕೆಂಬುದನ್ನು ಮರೆಯಬಾರದು. ಪ್ರಕರಣವನ್ನು ಮೂರು ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಆಚರಣೆಯಲ್ಲಿ ತಡವಾಗುವುದುಂಟು, ಆದುದರಿಂದ ಆಯೋಗವನ್ನು ಕೊನೆಯ ಮೆಟ್ಟಿಲೆಂದು ತಿಳಿಯುವುದೇ ವಿವೇಕ.

ಏನನ್ನು ಕೇಳಬೇಕೆಂಬುದರಲ್ಲಿಯೂ ಮಿತಿ ಇರಬೇಕು. ಪರದೆಯಲ್ಲಿ ಗೆರೆ ಬಿದ್ದೊಡನೆ ಹೊಸ ಲ್ಯಾಪ್‌ಟಾಪನ್ನೇ ಕೊಡಿರೆಂದು ಹಟ ಹಿಡಿದರೆ ಕೆಲಸ ಕೆಡುತ್ತದೆ. ಮಾರುತಿ ಕಾರಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ೨೦೦೬ರಲ್ಲಿ, ವಾರಂಟಿಯ ಷರತ್ತು ಕೆಟ್ಟ ಭಾಗವನ್ನು ಬದಲಿಸುವುದಕ್ಕೆ ಸಂಬಂಧಿಸಿರುವಾಗ ಕಾರನ್ನೇ ಬದಲಿಸಿ ಕೊಡಬೇಕೆನ್ನಲಾಗದು ಎಂದು ತೀರ್ಪಿತ್ತಿತು. ಕಾರಿಗೆ ಹೇಳಿದ ನ್ಯಾಯ ಲ್ಯಾಪ್‌ಟಾಪಿಗೂ ದಿಕ್ಸೂಚಿಯೇ. ಮೊದಲು ಪರದೆಯ ಬದಲಾವಣೆ, ತಡವಾದುದರಿಂದ ನಷ್ಟವಾಗಿದ್ದರೆ ಅದರ ಪರಿಹಾರ; ಬದಲಿಸಿದ ಪರದೆಯೂ ಮತ್ತೆ ಮತ್ತೆ ಕೆಟ್ಟು, ಕೊಟ್ಟ ಜಾಬ್ ಶೀಟುಗಳೇ ಅದನ್ನು ಸಾರಿದಾಗ ಹೊಸ ಯಂತ್ರ ಅಥವಾ ಹಣದ ಮರಳಿಕೆ. ಈ ಕ್ರಮದಲ್ಲಿ ಕೇಳುವವರ ಮಾತಿಗೆ ತೂಕ ಹೆಚ್ಚು.

ಇನ್ನು ಎರಡು ಸಂದೇಹಗಳಿಗೆ ಉತ್ತರ ಹೇಳಬೇಕು. ತಂದೆ ಕೊಂಡ ಯಂತ್ರವನ್ನು ಮಗಳು ಬಳಸುತ್ತಿದ್ದರೆ ಆಕೆಗೆ ಹಕ್ಕಿಲ್ಲವೇ? ಇದೆ, ಕೊಂಡವರ ಒಪ್ಪಿಗೆಯಿಂದ ಬಳಸುವವರನ್ನೂ ಕಾಯ್ದೆ ಗ್ರಾಹಕರೆಂದೇ ಕರೆಯುತ್ತದೆ. ಝೆರಾಕ್ಸ್, ಆನ್‌ಲೈನ್ ಅರ್ಜಿಗಳ ಚಿಕ್ಕ ಅಂಗಡಿ ಇಟ್ಟುಕೊಂಡು ಸ್ವಂತ ದುಡಿಮೆಯಿಂದ ಜೀವಿಸುವ ತರುಣನ ಯಂತ್ರ ವಾಣಿಜ್ಯದ್ದಾಯಿತಲ್ಲವೇ? ಇಲ್ಲ, ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿಯೇ ಬಳಸುವ ವಸ್ತುವನ್ನು ಕಾಯ್ದೆ ವಾಣಿಜ್ಯದಿಂದ ಹೊರಗಿಟ್ಟಿದೆ. ಅಂತಹ ಕಾಯಕಜೀವಿಗೂ ಅದೇ ರಕ್ಷಣೆ ಉಂಟು. ೨೦೨೦ರಲ್ಲಿ ರಾಜ್ಯ ಸರ್ಕಾರ ಪ್ರಥಮ ದರ್ಜೆ ಕಾಲೇಜುಗಳ ವಿದ್ಯಾರ್ಥಿಗಳಿಗೆ ಹಂಚಿದಂತಹ ಉಚಿತ ಲ್ಯಾಪ್‌ಟಾಪುಗಳು ಮುಂದೆ ನಿಮ್ಮ ಮಕ್ಕಳಿಗೆ ದೊರೆತರೆ, ಅವುಗಳ ಬಿಲ್ಲು ನಿಮ್ಮ ಕೈಯಲ್ಲಿರುವುದಿಲ್ಲ. ದೋಷ ಕಂಡ ದಿನವೇ ಪ್ರಾಂಶುಪಾಲರಿಗೆ ಬರಹದಲ್ಲಿ ತಿಳಿಸಿ ಸ್ವೀಕೃತಿ ಪಡೆಯಬೇಕು.

ಈ ಪತ್ರಿಕೆಯನ್ನು ಓದುವವರಲ್ಲಿ ಅಂಗಡಿಕಾರರೂ ಅನೇಕರಿದ್ದಾರೆ. ಅವರಲ್ಲಿಯೂ ನಮ್ಮದೊಂದು ಬಿನ್ನಹ. ಬಿಲ್ಲು ಕೊಡದಿರುವುದನ್ನೂ, ದೋಷವುಳ್ಳ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿರದಿದ್ದರೆ ಮೂವತ್ತು ದಿನಗಳೊಳಗೆ ಹಿಂತೆಗೆದುಕೊಳ್ಳಲು ಒಪ್ಪದಿರುವುದನ್ನೂ ೨೦೧೯ರ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ. "ಮಾರಿದ ವಸ್ತುವನ್ನು ಹಿಂತೆಗೆದುಕೊಳ್ಳುವುದಿಲ್ಲ" ಎಂಬ ಹಲಗೆ ದೋಷವುಳ್ಳ ವಸ್ತುವಿಗೆ ಉತ್ತರವಾಗಲಾರದು. ಹಳ್ಳಿಯಿಂದ ಬಂದ ಗಿರಾಕಿಗೆ "ಕಂಪನಿಯವರನ್ನು ಕೇಳಿ" ಎಂದು ಕೈತೊಳೆಯುವ ಬದಲು ಒಂದು ಇಮೇಲ್ ಬರೆದುಕೊಟ್ಟರೆ, ದೂರಿನ ಸಂಖ್ಯೆಯನ್ನು ಪಡೆದುಕೊಟ್ಟರೆ ಅಂಗಡಿಗೆ ಹತ್ತು ನಿಮಿಷದ ಶ್ರಮ. ಆ ಮನೆಗೆ ಎರಡು ದಿನದ ಅಲೆದಾಟದ ಉಳಿತಾಯ. ಆ ಗಿರಾಕಿ ಮರುವರ್ಷ ತಮ್ಮನನ್ನೋ ನೆರೆಯವರನ್ನೋ ಕರೆದುಕೊಂಡು ಅದೇ ಅಂಗಡಿಗೆ ಬರುತ್ತಾನೆ.

ಕೊನೆಯದಾಗಿ ತಾಯಂದಿರಲ್ಲಿ ಒಂದು ಮಾತು. ಹೊಲದ ಪಹಣಿ, ಬಂಗಾರದ ರಸೀದಿ, ಮಕ್ಕಳ ಅಂಕಪಟ್ಟಿಗಳನ್ನು ಜೋಪಾನ ಮಾಡುವ ಪೆಟ್ಟಿಗೆಯಲ್ಲಿ ಲ್ಯಾಪ್‌ಟಾಪಿನ ಬಿಲ್ಲಿಗೂ ವಾರಂಟಿ ಪತ್ರಕ್ಕೂ ಜಾಗ ಕೊಡಿರಿ. ವಾರಂಟಿ ಮುಗಿಯುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದಕ್ಕೆ ಒಂದು ತಿಂಗಳು ಮೊದಲು ಮಕ್ಕಳನ್ನು ಕೂರಿಸಿಕೊಂಡು ಪರದೆ, ಕೀಲಿಮಣೆ, ಬ್ಯಾಟರಿ ಎಲ್ಲವೂ ಸರಿಯಾಗಿವೆಯೇ ಎಂದು ಒಮ್ಮೆ ನೋಡಿಸಿರಿ. ಚಿಕ್ಕ ದೋಷವಿದ್ದರೂ ಆ ತಿಂಗಳಲ್ಲಿಯೇ ದೂರು ದಾಖಲಾಗಲಿ. ಬೆವರಿನ ಹಣದಲ್ಲಿ ಕೊಂಡ ವಸ್ತುವಿನ ಹಕ್ಕನ್ನು ಸಂಕೋಚದಿಂದಲೋ ಸೋಮಾರಿತನದಿಂದಲೋ ಬಿಟ್ಟುಕೊಡುವುದು ಉದಾರತೆಯಲ್ಲ, ಆ ಬೆವರಿಗೆ ಮಾಡುವ ಅಗೌರವ.